ನೂರಾ ಒಂದು

ಹಡಗಿನ ಜೂಜುಕಟ್ಟೆಯಲ್ಲಿ ಎಂಟು ವರ್ಷ ನಿಂತು ಬಂದ
ಪಕ್ಕದ್ಮನೆ ಷೆಲ್ಡನ್
ಬಿಲ್ಲೆಗಳ ಡಬ್ಬಿ ತಂದು ನನ್ನ ಮುಂದಿಟ್ಟ:
‘ದಾಳ ಯಾರು ಬೇಕಾದ್ರೂ ಎಸೀಬಹುದು ಆಂಟಿ,
ಬ್ಯಾಂಕು ಮಾತ್ರ ನೀವೇ ಆಗ್ಬೇಕು.’

ಮೂವತ್ತೊಂದು ವರ್ಷ ಸಿಟಿ ಬಸ್ಸಿನ ಕಂಡಕ್ಟರು ನಾನು.
ಬೆರಳ ಸಂದಿಯಲ್ಲಿ ನೋಟು ಮಡಚಿಟ್ಟು
ಬ್ರೇಕು ಬಿದ್ದರೂ ಚಿಲ್ಲರೆ ಚೆಲ್ಲದವಳು.
ಆಯ್ತು ಅಂದೆ.

ಮತ್ತಿಕೆರೆ, ಎರಡನೇ ಮಹಡಿ, ಶನಿವಾರ.
ಕೇರಂ ಬೋರ್ಡೇ ಮೇಜು. ನಾಲ್ಕೂ ಕಡೆ ಕಟ್ಟೆ, ದಾಳ ಓಡಿಹೋಗಲ್ಲ.
ಮೂಲೆಯ ತೂತುಗಳಿಗೆ ಕಾಲುಚೀಲ ತುರುಕಿದ್ದೇವೆ.
ಕೆಂಪು ರಾಣಿಗೆ ಹೊಸ ಕೆಲಸ:
ಮತ್ತೆ ಬೀಳಬೇಕಾದ ಅಂಕಿಯ ಮೇಲೆ ಕೂತು
ಏಳು ಬೀಳದಿರಲಿ ಅಂತ ಕಾಯುವುದು.

ತಲೆಗೆ ಐವತ್ತು ರೂಪಾಯಿ, ಐದು ಜನ.
ಬಿಳಿ ಒಂದು ರೂಪಾಯಿ, ನೀಲಿ ಐದು.
ಒಬ್ಬೊಬ್ಬರಿಗೆ ಹದಿನೈದು ಬಿಳಿ, ಏಳು ನೀಲಿ ಎಣಿಸಿ ಕೊಟ್ಟೆ.
ನೂರು ಬಿಳಿಯಲ್ಲಿ ನನಗುಳಿದದ್ದು ಇಪ್ಪತ್ತೈದು.
ಸಾಕು ಅಂದುಕೊಂಡೆ.
ಬೆಳಗಿನ ಪಾಳಿಯ ಮೊದಲ ಟ್ರಿಪ್ಪಿನಲ್ಲೂ
ಹೀಗೇ ಅಂದುಕೊಳ್ಳುತ್ತಿದ್ದೆ.

ರಾಣಿ ಆರರ ಮೇಲೆ ಕೂತರೆ
ಹಿಂದೆ ಐದಿಟ್ಟವರಿಗೆ ಆರು ಕೊಡಬೇಕಂತೆ, ಹಡಗಿನ ಕಾನೂನು.
ಒಂದು ನೀಲಿ, ಒಂದು ಬಿಳಿ.
ಆ ಒಂದು ಬಿಳಿಯೇ ನನ್ನ ತಲೆ ತಿಂದದ್ದು.

ಹತ್ತು ಗಂಟೆಗೆ ನನ್ನ ಡಬ್ಬಿಯ ತಳ ಕಂಡಿತು.
ಬಿಳಿಯೆಲ್ಲ ಟೈಲರ್ ಜಬೀನಾಳ ಮುಂದೆ ಮೂರು ಗೋಪುರ.
‘ಇಪ್ಪತ್ತು ಬಿಳಿ ಕೊಡಮ್ಮ, ನಾಲ್ಕು ನೀಲಿ ತಗೋ.’
‘ನಾಲ್ಕೇನಾ? ನೋಡೋಕೇ ಏನೂ ಇರಲ್ವಲ್ಲ ಆಂಟಿ!’
ಅದೂ ನಿಜವೇ.
ಸಂಬಳದ ದಿನ ನೂರರ ನೋಟೇ ಬೇಕೆಂದು ನಾನೂ ಹಟ ಹಿಡಿದವಳು,
ದಪ್ಪ ಇರಲಿ ಅಂತ.

ನನ್ನ ಬಸ್ಸು ಓಡಿಸಿದ ಚಿಕ್ಕರಂಗಪ್ಪ
ಗೆದ್ದದ್ದನ್ನೆಲ್ಲ ಅಂಗಿ ಜೇಬಿಗಿಳಿಸುತ್ತಿದ್ದ.
‘ಬೋರ್ಡಿನ ಮೇಲಿಡ್ರೀ, ನಾಲ್ಕು ಜನಕ್ಕೆ ಕಾಣಂಗೆ!’
ನನ್ನ ದನಿಗೆ ತಾನಾಗಿ ವಿಜಿಲ್ಲಿನ ಚೂಪು ಬಂತು.
ಅವನು ಅಭ್ಯಾಸಬಲದಿಂದ ಎಡಗಡೆ ಕನ್ನಡಿ ನೋಡಿಕೊಂಡ.
ಅಲ್ಲಿ ಫ್ರಿಜ್ ಇತ್ತು.

ಕೊನೆಗೆ ಕ್ಯಾಲೆಂಡರಿನ ಹಾಳೆ ಹರಿದು
ಚೀಟಿ ಬರೆಯತೊಡಗಿದೆ: ಪುಷ್ಪಾವತಿಗೆ ಒಂದು, ಸುತ್ತ ಒಂದು ಸೊನ್ನೆ.
‘ಇಳಿಯೋವಾಗ ಇಸ್ಕೊಳ್ಳಿ.’
ಎಲ್ಲರೂ ನಕ್ಕರು. ನಾನು ನಗಿಸಲೆಂದು ಹೇಳಿದ್ದಲ್ಲ.

ಆಟ ಮುಗಿಯಿತು. ಬಿಲ್ಲೆ ಇಸಕೊಂಡೆ, ಚೀಟಿ ಹರಿದೆ, ದುಡ್ಡು ಕೊಟ್ಟೆ.
ಬ್ಯಾಂಕಿಗೆ ಮೂವತ್ತೇಳು ರೂಪಾಯಿ ಲುಕ್ಸಾನು, ಹೋಗಲಿ.
ಬಿಳಿ ಎಣಿಸಿದೆ.
ನೂರಾ ಒಂದು.

ಮತ್ತೆ ಎಣಿಸಿದೆ. ಹತ್ತತ್ತರ ಹತ್ತು ಸಾಲು,
ಪಕ್ಕದಲ್ಲಿ ಒಂಟಿಯಾಗಿ ಇನ್ನೊಂದು.
‘ಡಬ್ಬೀಲೇ ಜಾಸ್ತಿ ಇತ್ತೇನೋ, ಬಿಡಿ ಆಂಟಿ,’ ಅಂದ ಷೆಲ್ಡನ್.
ಇರಬಹುದು. ನೂರು ಅಂತ ಅವನ ಮಾತು ನಂಬಿದ್ದೆ,
ನಾನೇ ಎಣಿಸಿರಲಿಲ್ಲ.

ಅವನಿಗೆ ಗೊತ್ತಿಲ್ಲ. ಕಡಿಮೆ ಬಿದ್ದರೆ
ಕೈಯಿಂದ ಕಟ್ಟಿ ಮನೆಗೆ ಹೋಗಬಹುದು.
ಹೆಚ್ಚು ಬಿದ್ದರೆ, ಯಾರಿಗೆ ಟಿಕೆಟ್ ಹರಿಯಲಿಲ್ಲ ಹೇಳು ಅಂತಾರೆ.
ಒಮ್ಮೆ ಗೊರಗುಂಟೆಪಾಳ್ಯದಲ್ಲಿ ತನಿಖೆಯವರು ಹತ್ತಿದಾಗ
ಚೀಲದಲ್ಲಿ ನಲವತ್ತಮೂರು ರೂಪಾಯಿ ಹೆಚ್ಚಿಗೆ.
ಹಿಂದಿನ ಸ್ಟಾಪಿನಲ್ಲಿ ಒಬ್ಬಳು ಕೂಸನ್ನೆತ್ತಿಕೊಂಡು
ಬಾಕಿ ಮರೆತು ಇಳಿದಿದ್ದಳು.
ಸಾಕ್ಷಿಯೂ ಅವಳ ಜತೆಗೇ ಇಳಿದಿತ್ತು,
ಟಿಕೆಟ್ಟಿನ ಬೆನ್ನ ಮೇಲೆ, ನನ್ನದೇ ಅಕ್ಷರದಲ್ಲಿ.

ಮೆಟ್ಟಿಲ ಬಳಿ ಓಡಿ ಬಗ್ಗಿ ಕೂಗಿದೆ:
‘ಯಾರಿಗ್ರೀ ಬರಬೇಕು ಒಂದು ರೂಪಾಯಿ?’
ಕೆಳಗೆ ಚಿಕ್ಕರಂಗಪ್ಪನ ಸ್ಕೂಟರ್ ಆಗಲೇ ತಿರುವು ದಾಟಿತ್ತು.
ಒಂದು ನಾಯಿ ಉತ್ತರ ಕೊಟ್ಟಿತು.
ಮೂರನೇ ಮಹಡಿಯಿಂದ ನಿದ್ದೆಗಣ್ಣಿನ ದನಿ, ಯಾರದೆಂದು ತಿಳಿಯಲಿಲ್ಲ:
‘ನಂಗೇ ಬರಬೇಕು ಕಣಕ್ಕಾ. ಬೆಳಿಗ್ಗೆ ಇಸ್ಕೋತೀನಿ.
ಮಲಕ್ಕೊಳ್ಳಿ.’